ಪತ್ರದ ಮೂರನೇ ಹಾಳೆ

ನಾನು ಮನೆ ಬ್ರೋಕರ್ ಆದದ್ದು ನೈಟಿ ಮಾರುತ್ತಾ ಮಾರುತ್ತಾ. ನನ್ನ ಗಂಡ ತುಮಕೂರಿನಲ್ಲಿ ಟೈಲರ್. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಬೀದಿ ಬೀದಿಯ ಹೆಂಗಸರೂ ಮನೆಯಲ್ಲಿ ನೈಟಿ ಹಾಕಿಕೊಳ್ಳಲು ಶುರು ಮಾಡಿದ್ದರು. ಅದನ್ನು ನೋಡಿ ನನ್ನ ಗಂಡ ಪ್ಯಾಂಟು ಶರಟು ಬಿಟ್ಟು ನೈಟಿ, ಒಳಲಂಗ ಹೊಲಿಯತೊಡಗಿದರು. ಆದರೆ ಗಂಡಸು ಕೂತಿರುವ ಅಂಗಡಿಗೆ ಬಂದು ನೈಟಿ ಬಿಡಿಸಿ ನೋಡಲು ಹೆಂಗಸರಿಗೆ ಸಂಕೋಚ. ಹಾಗಾಗಿ ನಾನು ಬುರ್ಖಾ ಹಾಕಿಕೊಂಡು, ಎರಡು ದೊಡ್ಡ ಬ್ಯಾಗು ತುಂಬಿಕೊಂಡು ಮನೆಮನೆಗೆ ಹೊರಟೆ.

ಹೊರಗಿನ ಗಂಡಸಿಗೆ ಮುಂದಿನ ಕೋಣೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನನಗೆ ಎಲ್ಲಾ ಮನೆಯ ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಲು ಗೊತ್ತು. ಯಾವ ಮನೆಯಲ್ಲಿ ನೀರು ಸರಿಯಾಗಿ ಬರುತ್ತದೆ, ಯಾವ ಮನೆಯ ಗೋಡೆ ಮಳೆಗಾಲದಲ್ಲಿ ಒಸರುತ್ತದೆ, ಯಾರಿಗೆ ಟ್ರಾನ್ಸ್‌ಫರ್ ಆಗಿದೆ, ಯಾರು ಮನೆ ಸಾಲದೆ ಒದ್ದಾಡುತ್ತಿದ್ದಾರೆ ಎಲ್ಲವೂ ನೈಟಿ ಬಿಡಿಸಿ ತೋರಿಸುವ ಹೊತ್ತಿನಲ್ಲಿ ಕಿವಿಗೆ ಬೀಳುತ್ತಿತ್ತು. ‘ಬೂಬಮ್ಮ, ಎಲ್ಲಾದ್ರೂ ಬಾಡಿಗೆಗೆ ಮನೆ ಇದ್ರೆ ಹೇಳು’ ಎಂದು ಒಬ್ಬರು ಕೇಳಿದರು, ಹೇಳಿದೆ. ಆಮೇಲೆ ಇನ್ನೊಬ್ಬರು. ನಾಲ್ಕೈದು ವರ್ಷದಲ್ಲಿ ಬಾಡಿಗೆ ಮನೆ ಹುಡುಕಿಕೊಡುವುದರಿಂದ ಮನೆ ಮಾರಿಸಿಕೊಡುವುದಕ್ಕೆ ಬಂದೆ. ನನ್ನನ್ನು ನೈಟಿ ಬೂಬಮ್ಮ ಎನ್ನುತ್ತಿದ್ದವರು ಬ್ರೋಕರಮ್ಮ ಎನ್ನತೊಡಗಿದರು. ಊರಿನ ಗಂಡಸು ಬ್ರೋಕರುಗಳು ಮೊದಮೊದಲು ನಕ್ಕರು. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಅವರ ಜೊತೆಗೇ ನಿಂತು ಟೀ ಕುಡಿಯುವುದನ್ನು ನಾನು ರೂಢಿ ಮಾಡಿಕೊಂಡ ಮೇಲೆ ನಗುವುದನ್ನು ಬಿಟ್ಟರು.

ಈ ಕೆಲಸದಲ್ಲಿ ಮನೆ ತೋರಿಸುವುದು ಕಷ್ಟವಲ್ಲ, ರೇಟು ಕುದುರಿಸುವುದೂ ಅಂಥ ಕಷ್ಟವಲ್ಲ. ಕಷ್ಟ ಇರುವುದು ಕೊನೆಯ ಎರಡು ದಿನ. ಅಲ್ಲಿಯವರೆಗೂ ನಗುನಗುತ್ತಾ ಇದ್ದವರು ರಿಜಿಸ್ಟ್ರೇಷನ್ ಹಿಂದಿನ ದಿನ ಇದ್ದಕ್ಕಿದ್ದಂತೆ ತಿರುಗಿಬೀಳುತ್ತಾರೆ. ಸೀಲಿಂಗ್ ಫ್ಯಾನು ಬಿಚ್ಚಿಕೊಂಡು ಹೋಗುತ್ತೇವೆ ಎನ್ನುವವರು, ಹಿತ್ತಲ ತೆಂಗಿನ ಮರದ ಕಾಯಿ ಈ ಸಲ ನಮಗೇ ಬೇಕು ಎನ್ನುವವರು, ಬಾಡಿಗೆಯವರು ಖಾಲಿ ಮಾಡಲಿಲ್ಲ ಎಂದು ಗೋಳಾಡುವವರು ಎಲ್ಲರನ್ನೂ ನೋಡಿದ್ದೇನೆ. ಎಲ್ಲವನ್ನೂ ಬಗೆಹರಿಸಿದ್ದೇನೆ ಎಂದೂ ಹೇಳಿಕೊಳ್ಳಬಲ್ಲೆ. ಆದರೆ ನನ್ನ ಕೆಲಸದ ರೀತಿಯನ್ನೇ ಬದಲಾಯಿಸಿದ್ದು ತುಮಕೂರಿನ ಅಂಚಿನ ಮರಳೂರಿನ ಒಂದು ಮನೆ.

ಆ ಮನೆ ತೆಂಗಿನಕಾಯಿ ಮಂಡಿಯ ಒಬ್ಬ ಗುಮಾಸ್ತರು ಕಟ್ಟಿಸಿದ್ದು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಹೆಂಡತಿ ಅವರಿಗಿಂತ ಮುಂಚೆಯೇ ಹೋಗಿದ್ದರು. ಇಬ್ಬರು ಮಕ್ಕಳು. ದೊಡ್ಡವಳು ಮಗಳು, ಕುಣಿಗಲ್ಲಿನಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಮ್ಮ. ಚಿಕ್ಕವನು ಮಗ, ತುಮಕೂರಿನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಕ್ಕನಿಗಿಂತ ಹನ್ನೊಂದು ವರ್ಷ ಚಿಕ್ಕವನು. ಮನೆಯಲ್ಲಿ ಇದ್ದವನು ಅವನೇ. ಕಾರ್ಖಾನೆಗೆ ಹತ್ತಿರ ಒಂದು ಸೈಟು ನೋಡಿಕೊಂಡು, ಈ ಮನೆ ಮಾರಿಸಿಕೊಡಿ ಎಂದು ನನ್ನ ಹತ್ತಿರ ಬಂದಿದ್ದ. ಅವನ ಹೆಂಡತಿ ನನ್ನ ಹಳೇ ಗಿರಾಕಿ.

ಕೊಳ್ಳುವವರು ಗುಬ್ಬಿಯವರು. ಕೊಬ್ಬರಿ ವ್ಯಾಪಾರದ ಸಾಹುಕಾರರು. ಇಬ್ಬರು ಹೆಣ್ಣುಮಕ್ಕಳು ಕಾಲೇಜಿಗೆಂದು ದಿನಾ ಬಸ್ಸಿನಲ್ಲಿ ತುಮಕೂರಿಗೆ ಓಡಾಡುವುದು ಬೇಡವೆಂದು ಇಲ್ಲೊಂದು ಮನೆ ಹುಡುಕುತ್ತಿದ್ದರು. ಸಾಹುಕಾರರ ಹೆಂಡತಿ ಮರಳೂರಿನ ಮನೆಗೆ ಕಾಲಿಟ್ಟವರು ನೇರವಾಗಿ ಅಡುಗೆಮನೆಗೆ ಹೋಗಿ, ಕಿಟಕಿ ತೆಗೆದು ನೋಡಿ, ‘ಇದೇ ಆಗ್ಲಿ’ ಎಂದಿದ್ದರು. ಅಲ್ಲಿಗೆ ವ್ಯಾಪಾರ ಮುಗಿದಂತೆಯೇ ಎಂದು ನಾನು ತಿಳಿದಿದ್ದೆ. ಅವರ ವಕೀಲರು ಕಾಗದಪತ್ರವೆಲ್ಲಾ ನೋಡಿ, ಮಗಳ ಸೈನೂ ಬೇಕೇ ಬೇಕು ಎಂದರು. ತಮ್ಮ ಅಕ್ಕನಿಗೆ ಫೋನು ಮಾಡಿದ. ಅಕ್ಕ ಬರುತ್ತೇನೆ ಎಂದರು. ಶುಕ್ರವಾರ ಬೆಳಿಗ್ಗೆ ಆಫೀಸು ತೆರೆದ ಕೂಡಲೇ, ಹತ್ತೂವರೆಗೆ ರಾಹುಕಾಲ ಶುರುವಾಗುವ ಮೊದಲು ಸೈನು ಹಾಕುವುದು ಎಂದು ನಿಶ್ಚಯವಾಯಿತು. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಪತ್ರ ಬರೆಯುವವನು ಬುಧವಾರವೇ ಕ್ರಯಪತ್ರ ಟೈಪು ಹೊಡೆದು ಮುಗಿಸಿದ. ಅದರದೊಂದು ಜೆರಾಕ್ಸ್ ಕುಣಿಗಲ್ಲಿಗೆ ಹೋಗುವ ಯಾರದೋ ಕೈಯಲ್ಲಿ ಅಕ್ಕನಿಗೂ ತಲುಪಿತು.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ತಮ್ಮ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ. ಮುಖ ಕೆಂಪಗಾಗಿತ್ತು.

‘ಅಕ್ಕ ನಾಳೆ ಬರಲ್ವಂತೆ.’

‘ಯಾಕಂತೆ?’

‘ಇನ್ಯಾಕೆ? ಯಾರೋ ರೇಟು ಹೇಳವ್ರೆ. ಭಾಗ ಬೇಕಾಗಿರುತ್ತೆ.’

‘ಅವರು ಹಂಗಂದ್ರಾ?’

‘ಎಲ್ಲಿ ಅಂದ್ಲು! “ಆ ಪತ್ರಕ್ಕೆ ನಾನು ಸೈನ್ ಹಾಕಲ್ಲ ಕಣೋ” ಅಂದ್ಲು, ಇಟ್ಬುಟ್ಲು ಫೋನು. ಅವಳ ಸೈನ್ ಇಲ್ದೆ ಏನೂ ಮಾಡಕ್ಕಾಗಲ್ವಾ?’

‘ಆಗಲ್ಲ’ ಎಂದೆ. ‘ಆಗೋ ಹಂಗಿದ್ರೂ ನಾನು ಮಾಡ್ಸಲ್ಲ.’

ಅಕ್ಕನ ಮನೆಯಲ್ಲಿ ಫೋನು ಇರಲಿಲ್ಲ. ಪಕ್ಕದ ಮನೆಯದು ಪಿಪಿ ನಂಬರು. ಕರೆದು ಕೊಡಿ ಎಂದರೆ ಅವರ ನಡುಮನೆಗೆ ಬಂದು, ಅವರ ಮನೆಯವರೆಲ್ಲ ಟಿವಿ ಸದ್ದು ತಗ್ಗಿಸಿ ಕೇಳುತ್ತಾ ಕೂತಿರುವಾಗ ಮಾತಾಡಬೇಕು. ಅಂಥ ಜಾಗದಲ್ಲಿ ಯಾರು ತಾನೇ ಮನಸ್ಸಿನ ಮಾತು ಹೇಳುತ್ತಾರೆ? ಕಾರಣ ಏನೆಂದು ತಿಳಿಯದೆ ಇದು ದುಡ್ಡಿನ ಜಗಳ ಎಂದುಕೊಂಡು ಹೊರಟರೆ, ಇಲ್ಲದ ಜಗಳವನ್ನು ನಾವೇ ಹುಟ್ಟಿಸಿದಂತಾಗುತ್ತದೆ. ನಾನು ತಮ್ಮನಿಗೆ ಕಾರ್ಖಾನೆಗೆ ಹೋಗು, ಗುಬ್ಬಿಯವರಿಗೆ ಸದ್ಯಕ್ಕೆ ಏನೂ ಹೇಳಬೇಡ ಎಂದು ಕಳಿಸಿ, ಕುಣಿಗಲ್ ಬಸ್ಸು ಹತ್ತಿದೆ.

ಸ್ಕೂಲು ಪತ್ತೆ ಮಾಡಿ ತಲುಪುವಾಗ ಊಟದ ಬೆಲ್ಲು ಹೊಡೆಯುವುದರಲ್ಲಿತ್ತು. ಜಗಲಿಯಲ್ಲಿ ಕೂತೆ. ಮಕ್ಕಳೆಲ್ಲ ಹೋ ಎಂದು ಹೊರಗೆ ನುಗ್ಗಿದ ಮೇಲೆ, ಕೈಯಲ್ಲಿ ಸೀಮೆಸುಣ್ಣದ ಪುಡಿ ಅಂಟಿಸಿಕೊಂಡ, ತೆಳ್ಳಗೆ ಎತ್ತರವಾಗಿದ್ದ ಹೆಂಗಸು ಹೊರಗೆ ಬಂದರು. ಐವತ್ತರ ಹತ್ತಿರದ ವಯಸ್ಸು. ನನ್ನನ್ನು ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು.

‘ಬ್ರೋಕರಮ್ಮ ನೀವೇ ಅಲ್ವಾ? ನನ್ನ ತಮ್ಮ ಕಳಿಸಿದ್ನಾ?’

‘ಇಲ್ಲ, ನಾನೇ ಬಂದೆ. ಅವರು ಕಾರ್ಖಾನೆಗೆ ಹೋಗವ್ರೆ.’

‘ನನ್ನ ಒಪ್ಪಿಸಕ್ಕೆ ಬಂದ್ರಾ?’

‘ಯಾಕೆ ಒಪ್ತಿಲ್ಲ ಅಂತ ಕೇಳಕ್ಕೆ ಬಂದೆ. ಹೇಳಿದ್ರೆ ಕೇಳ್ಕೊಂಡು ವಾಪಸ್ ಹೋಗ್ತೀನಿ. ಒತ್ತಾಯ ಮಾಡಲ್ಲ.’

 ಅವರು ಖಾಲಿ ಕ್ಲಾಸಿನೊಳಕ್ಕೆ ಕರೆದುಕೊಂಡು ಹೋದರು. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಇಬ್ಬರೂ ಮೊಣಕಾಲು ಮಡಿಸಿಕೊಂಡು ಕೂತೆವು. ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ಮುಚ್ಚಳಕ್ಕೆ ಅರ್ಧ ಹಾಕಿ ನನ್ನ ಮುಂದಿಟ್ಟರು. ಬೇಡ ಎಂದರೂ ಬಿಡಲಿಲ್ಲ. ಊಟ ಮುಗಿಸಿ ಕೈ ತೊಳೆದು ಬಂದ ಮೇಲೆ ಬ್ಯಾಗಿನಿಂದ ಆ ಜೆರಾಕ್ಸ್ ತೆಗೆದರು. ಮೂರನೇ ಹಾಳೆಯಲ್ಲಿ ಒಂದು ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು.

‘ಇದನ್ನ ಓದಿದ್ರಾ ನೀವು?’

ನಾನು ಓದಿರಲಿಲ್ಲ. ನಾನು ಏಳನೇ ಕ್ಲಾಸಿನವರೆಗೆ ಓದಿದ್ದು ಉರ್ದುವಿನಲ್ಲಿ. ಕನ್ನಡ ಮಾತು ನೀರು ಕುಡಿದಷ್ಟು ಸಲೀಸು, ಬೋರ್ಡು ಓದುತ್ತಿದ್ದೆ, ಬಸ್ಸಿನ ಹೆಸರು ಓದುತ್ತಿದ್ದೆ. ಆದರೆ ಈ ಪತ್ರಗಳ ಕನ್ನಡ ನನಗೆ ಹಿಡಿಯುತ್ತಿರಲಿಲ್ಲ. ಟೈಪು ಆದ ಮೇಲೆ ನಾಲ್ಕೂ ಕಡೆಯ ಗಡಿ ಹೇಳುವ ಚಕ್ಕುಬಂದಿ, ಅಳತೆ, ಹೆಸರು ಮೂರನ್ನು ಓದಿಸಿ ಕೇಳಿಕೊಂಡರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆ ಮಾತನ್ನು ಅವರಿಗೆ ಹಾಗೇ ಹೇಳಿದೆ.

‘ಹಾಗಾದ್ರೆ ಕೇಳಿ’ ಎಂದು, ಮಕ್ಕಳಿಗೆ ಪಾಠ ಓದುವಂತೆ ಬಿಡಿಸಿ ಬಿಡಿಸಿ ಓದಿದರು. ‘ಮೃತರ ಮಗಳಾದ ಇವರು ತಮ್ಮ ವಿವಾಹ ಕಾಲದಲ್ಲಿ ತಂದೆಯವರಿಂದ ಒಡವೆ ವಸ್ತ್ರ ರೂಪದಲ್ಲಿ ತಮ್ಮ ಭಾಗವನ್ನು ಪೂರ್ಣವಾಗಿ ಪಡೆದುಕೊಂಡಿರುವುದರಿಂದ ಸದರಿ ಸ್ವತ್ತಿನಲ್ಲಿ ಇವರಿಗೆ ಯಾವುದೇ ಹಕ್ಕು ಉಳಿದಿರುವುದಿಲ್ಲ.’

ಓದಿ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು.

‘ನಾನು ಅರಿಶಿನದ ಕೊಂಬು ಕಟ್ಟಿಸ್ಕೊಂಡು ಮದುವೆ ಆದೋಳು ಕಣ್ರೀ. ಚಿನ್ನದ ತಾಳಿಗೂ ಗತಿ ಇರ್ಲಿಲ್ಲ. ಎಲ್ಲಿಯ ಒಡವೆ?’

ಆಮೇಲೆ ಅವರು ಹೇಳಿದ ಕತೆ ದೊಡ್ಡದೇನಲ್ಲ. ಇಪ್ಪತ್ತನೇ ವಯಸ್ಸಿಗೇ ಕೆಲಸ ಸಿಕ್ಕಿತು. ಆರು ವರ್ಷ ಸಂಬಳದ ಕವರನ್ನು ಬಿಚ್ಚದೆ ಅಪ್ಪನ ಕೈಗೆ ಕೊಟ್ಟರು. ಮರಳೂರಿನ ಮನೆ ಏಳುತ್ತಿದ್ದದ್ದು ಆಗಲೇ. ಸ್ಕೂಲು ಮುಗಿಸಿಕೊಂಡು ಬಂದು, ಸೀರೆ ಎತ್ತಿ ಕಟ್ಟಿ, ಹೊಸ ಗೋಡೆಗಳಿಗೆ ಬಿಂದಿಗೆಯಲ್ಲಿ ನೀರು ಹಾಕುತ್ತಿದ್ದವರು ಇವರೇ. ಆಮೇಲೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಮೇಷ್ಟ್ರನ್ನು ಮದುವೆಯಾಗುತ್ತೇನೆ ಎಂದರು. ಬೇರೆ ಜಾತಿ. ಅಪ್ಪ ಹೊಸಿಲು ದಾಟಬೇಡ ಎಂದರು. ಇವರು ದಾಟಿದರು. ದೇವಸ್ಥಾನದಲ್ಲಿ ನಾಲ್ಕು ಜನ ಮೇಷ್ಟ್ರುಗಳ ಮುಂದೆ ಮದುವೆಯಾಯಿತು. ಹದಿನೆಂಟು ಇಪ್ಪತ್ತು ವರ್ಷ ಅಪ್ಪ ಮಾತಾಡಲಿಲ್ಲ. ಕೊನೆಗೆ ಕಾಯಿಲೆ ಬಿದ್ದಾಗ ಅವರೇ ಹೇಳಿ ಕಳಿಸಿದರು. ಇವರು ರಜೆ ಹಾಕಿ ನಾಲ್ಕು ತಿಂಗಳು ಅದೇ ಮನೆಯಲ್ಲಿದ್ದು ನೋಡಿಕೊಂಡರು.

‘ಅಪ್ಪ ನನ್ನ ಹತ್ರ ತಪ್ಪಾಯ್ತು ಅನ್ನಲಿಲ್ಲ, ನಾನೂ ಕೇಳಲಿಲ್ಲ. ಅದು ಮುಗೀತು. ಆದರೆ ಒಡವೆ ಕೊಟ್ಟೆ ಅಂತ ಅವರು ಬದುಕಿರೋವರೆಗೂ ಒಂದು ಸಲಾನೂ ಹೇಳ್ಲಿಲ್ಲ. ಈಗ ಅವರು ಹೋದ ಮೇಲೆ ಯಾರೋ ಟೈಪು ಹೊಡೆಯೋನು ಹೇಳ್ತಾ ಅವ್ನೆ. ಅದರ ಕೆಳಗೆ ನಾನು ಹೌದು ಅಂತ ಸೈನ್ ಹಾಕ್ಬೇಕಾ?’

 ಅಳುವುದಕ್ಕೆ ನಾನು ಅಲ್ಲಿಗೆ ಹೋಗಿರಲಿಲ್ಲ.

‘ಮನೆ ಮಾರೋದು ಬೇಡ ಅಂತೇನಾದ್ರೂ ಇದೆಯಾ ಮೇಡಂ?’

‘ಇಲ್ಲಪ್ಪ. ಅವನಿಗೆ ಅನುಕೂಲ ಆಗ್ಲಿ.’

‘ಹಾಗಾದ್ರೆ ಆ ಸಾಲಿನ ಜಾಗದಲ್ಲಿ ಏನು ಬರೀಬೇಕು ಹೇಳಿ.’

‘ನಿಜ ಬರೀಲಿ. ಅಪ್ಪನಿಗೆ ಇಬ್ಬರು ಮಕ್ಕಳು, ಇಬ್ಬರೂ ಸೇರಿ ಮಾರ್ತಾ ಇದೀವಿ ಅಂತ. ಸಾಕು.’

‘ನಾಳೆ ಬೆಳಿಗ್ಗೆ ಬನ್ನಿ’ ಎಂದೆ. ‘ಆ ಸಾಲು ಇರಲ್ಲ. ಅಕಸ್ಮಾತ್ ಇದ್ರೆ ಸೈನ್ ಹಾಕ್ಬೇಡಿ, ನಾನೇ ನಿಮ್ಮನ್ನ ವಾಪಸ್ ಬಸ್ಸು ಹತ್ತಿಸ್ತೀನಿ.’

ಹಾಗೆ ಮಾತು ಕೊಟ್ಟು ಬಸ್ಸಿನಲ್ಲಿ ಕೂತ ಮೇಲೆ ಲೆಕ್ಕ ಹಾಕಿದೆ. ನಾನು ಒಪ್ಪಿಸಬೇಕಾದವರು ಮೂರು ಜನ. ತಮ್ಮ, ಪತ್ರ ಬರೆಯುವವನು, ಗುಬ್ಬಿ ಸಾಹುಕಾರರು. ತುಮಕೂರಿಗೆ ಇಳಿದವಳೇ ಪತ್ರ ಬರೆಯುವವನ ಹತ್ತಿರ ಹೋದೆ. ಅವನು ಯಾವುದೋ ಹಳ್ಳಿಗೆ ಮದುವೆಗೆ ಹೋಗಿದ್ದ. ಟೈಪ್‌ರೈಟರ್, ಪತ್ರ ಎಲ್ಲಾ ಅವನ ಮರದ ಪೆಟ್ಟಿಗೆಯಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. ನಾಳೆ ಬೆಳಿಗ್ಗೆಯೇ ಬರುವುದು ಎಂದರು. ಸರಿ ಎಂದು ತಮ್ಮನ ಮನೆಗೆ ಹೋದೆ.

ಅವನು ಆಗ ತಾನೇ ಕಾರ್ಖಾನೆಯಿಂದ ಬಂದು ಕಾಫಿ ಕುಡಿಯುತ್ತಿದ್ದ. ನಾನು ಕೇಳಿದ್ದನ್ನೆಲ್ಲ ಹೇಳಿದೆ. ಸಾಲಿನ ವಿಷಯ ಹೇಳಿದಾಗ ಅವನು ನಕ್ಕ.

‘ಅಷ್ಟೇನಾ? ಅದು ಎಲ್ಲಾ ಪತ್ರದಲ್ಲೂ ಹಾಕೋ ಸಾಲು ಅಲ್ವಾ. ಅದರಲ್ಲೇನಿದೆ?’

‘ನಿಮ್ಮ ಅಕ್ಕನ ಮದುವೇಲಿ ಒಡವೆ ಕೊಟ್ರಾ?’

‘ಕೊಟ್ಟಿರ್ತಾರೆ. ಅಮ್ಮ ಯಾವಾಗ್ಲೂ ಹೇಳೋಳು, ಅವಳದೆಲ್ಲ ಅವಳಿಗೆ ಮುಟ್ಟಾಯ್ತು ಅಂತ.’

‘ನೀವು ಮದುವೆಗೆ ಹೋಗಿದ್ರಾ?’

ಅವನು ಹೋಗಿರಲಿಲ್ಲ. ಹದಿನೈದು ವರ್ಷದ ಹುಡುಗ ಆಗ. ಅಪ್ಪ ಯಾರನ್ನೂ ಕಳಿಸಿರಲಿಲ್ಲ. ಅರಿಶಿನದ ಕೊಂಬಿನ ಮಾತು ಹೇಳಿದೆ. ಅವನು ಲೋಟ ಕೆಳಗಿಟ್ಟ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ, ‘ನಂಗೆ ಗೊತ್ತಿತ್ತು ರೀ. ಮಾವ ಮಲಗಿದ್ದಾಗ ಅತ್ತಿಗೆ ಒಂದಿನ ಹೇಳಿದ್ರು. ನೀವು ಕೇಳ್ಲೇ ಇಲ್ಲ’ ಎಂದಳು.

ಅವನು ನನ್ನ ಕಡೆ ತಿರುಗಿದ. ‘ಸಾಲು ತೆಗೆದ್ರೆ ಅರ್ಧ ಅವಳದು ಅಂತಾಗಲ್ವಾ?’

‘ಸಾಲು ಇದ್ರೂ ಅರ್ಧ ಅವರದೇ’ ಎಂದೆ. ‘ಅದಕ್ಕೇ ತಾನೇ ವಕೀಲರು ಅವರ ಸೈನ್ ಬೇಕು ಅಂದಿದ್ದು.’

ಆಗಲೇ ಹೂಂ ಅನ್ನಿ ಎಂದು ನಾನು ಕೂರಲಿಲ್ಲ. ಮನೆಯಲ್ಲಿ ಕೂತು ಒಪ್ಪಿಸಿದ ಮಾತು ಬೆಳಗಾಗುವುದರೊಳಗೆ ಜಾರಿಹೋಗುವುದನ್ನು ನೋಡಿದ್ದೆ. ‘ಬೇರೆ ಏನೂ ಬೇಡ. ಬೆಳಿಗ್ಗೆ ಒಂಬತ್ತಕ್ಕೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಮ್ಮ ಅಕ್ಕನ್ನ ಕರ್ಕೊಂಡು ಬನ್ನಿ. ಒಬ್ಬರೇ ಹೋಗಿ’ ಎಂದಷ್ಟೇ ಹೇಳಿ ಎದ್ದೆ.

ಶುಕ್ರವಾರ ನಾನು ಒಂಬತ್ತಕ್ಕೇ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದಿದ್ದೆ. ಪತ್ರ ಬರೆಯುವವನು ತಗಡಿನ ಚಪ್ಪರದ ಕೆಳಗೆ ಪೆಟ್ಟಿಗೆ ತೆಗೆದು ಟೈಪ್‌ರೈಟರ್ ಒರೆಸುತ್ತಿದ್ದ. ಅರವತ್ತು ದಾಟಿದ ಮನುಷ್ಯ. ವಿಷಯ ಹೇಳಿದೆ. ಅವನಿಗೆ ಸಿಟ್ಟೇ ಬಂತು.

‘ಹೆಣ್ಮಕ್ಕಳು ಇದ್ದ ಕಡೆ ನಾನು ಇದೇ ಸಾಲು ಹಾಕೋದು ತಾಯಿ. ನೀನು ಹುಟ್ಟೋಕೆ ಮುಂಚಿಂದ ಹಾಕ್ತಾ ಇದೀನಿ.’

‘ಅವರಿಗೆಲ್ಲಾ ಒಡವೆ ಕೊಟ್ಟಿದ್ರಾ ಸ್ವಾಮಿ?’

‘ಅದು ನಂಗೇನ್ ಗೊತ್ತು?’

‘ಗೊತ್ತಿಲ್ದೆ ಇರೋದನ್ನ ಯಾಕೆ ಬರೀತೀರಿ?’

ಅವನು ಮತ್ತೆ ಟೈಪ್‌ರೈಟರ್ ಒರೆಸತೊಡಗಿದ. ಅಷ್ಟರಲ್ಲಿ ಅಕ್ಕ ತಮ್ಮ ಗೇಟಿನೊಳಗೆ ಬಂದರು. ದಾರಿಯಲ್ಲಿ ಏನು ಮಾತಾಡಿದರೋ ನನಗೆ ತಿಳಿಯದು. ಕೇಳಲೂ ಇಲ್ಲ. ಅಕ್ಕನ ಬ್ಯಾಗು ತಮ್ಮನ ಹೆಗಲಲ್ಲಿತ್ತು. ಅಷ್ಟು ನೋಡಿ ನನಗೆ ಧೈರ್ಯ ಬಂತು.

ಪತ್ರ ಬರೆಯುವವನು ಒಂದು ದಾರಿ ತೋರಿಸಿದ. ಆ ಸಾಲಿಗೆ ಶಾಯಿಯಲ್ಲಿ ಗೆರೆ ಹೊಡೆಯೋಣ, ಪಕ್ಕದಲ್ಲಿ ಎಲ್ಲರೂ ಚಿಕ್ಕ ಸೈನು ಹಾಕಲಿ, ಕಾನೂನಿಗೆ ಸಾಕು ಎಂದ. ಮೇಷ್ಟ್ರಮ್ಮ ತಲೆಯಾಡಿಸಿದರು.

‘ಹೊಡೆದು ಹಾಕಿದ್ರೂ ಓದಕ್ಕೆ ಬರುತ್ತೆ ಸ್ವಾಮಿ. ಮಕ್ಕಳ ನೋಟ್‌ಬುಕ್ಕಲ್ಲಿ ದಿನಾ ಓದ್ತೀನಿ ನಾನು. ಹೊಸ ಹಾಳೆ ಹಾಕಿ.’

‘ಈಗ ಹೊಸ ಹಾಳೆ ಅಂದ್ರೆ ಹತ್ತೂವರೆ ಒಳಗೆ ಆಗಲ್ಲಮ್ಮ.’

ಅದೇ ಹೊತ್ತಿಗೆ ಗುಬ್ಬಿಯವರ ವ್ಯಾನು ಬಂದು ನಿಂತಿತು. ಸಾಹುಕಾರರು, ಅವರ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಎಲ್ಲರೂ ಹಬ್ಬದ ಬಟ್ಟೆಯಲ್ಲಿದ್ದರು. ಸಾಹುಕಾರರಿಗೆ ನಮ್ಮ ಮುಖಗಳನ್ನು ನೋಡಿಯೇ ಏನೋ ಆಗಿದೆ ಎಂದು ಗೊತ್ತಾಯಿತು.

‘ಏನ್ ಬ್ರೋಕರಮ್ಮ, ತಕರಾರಾ? ತಕರಾರಿನ ಮನೆ ನಮಗೆ ಬ್ಯಾಡ. ಈಗ್ಲೇ ಹೇಳ್ಬುಡಿ, ಹೊರಟೋಗ್ತೀವಿ.’

ಇಂಥ ಹೊತ್ತಿನಲ್ಲಿ ಬೇರೆ ಬ್ರೋಕರುಗಳು ಏನು ಮಾಡುತ್ತಾರೆಂದು ನನಗೆ ಗೊತ್ತು. ಕರೆಂಟಿಲ್ಲ ಎನ್ನುತ್ತಾರೆ, ಸಾಹೇಬರು ಇನ್ನೂ ಬಂದಿಲ್ಲ ಎನ್ನುತ್ತಾರೆ, ಎರಡೂ ಕಡೆಯವರನ್ನು ದೂರ ದೂರ ಕೂರಿಸಿ ನಡುವೆ ಓಡಾಡುತ್ತಾರೆ. ನಾನೂ ಹಾಗೆ ಮಾಡಿದ್ದುಂಟು. ಆವತ್ತು ಮಾಡಲಿಲ್ಲ. ಎಲ್ಲರನ್ನೂ ಚಪ್ಪರದ ಕೆಳಗೆ ಒಂದೇ ಕಡೆ ನಿಲ್ಲಿಸಿ, ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಆ ಸಾಲನ್ನು ಓದಿಸಿದೆ. ಅದು ಸುಳ್ಳು ಎಂದೆ. ಮೇಷ್ಟ್ರಮ್ಮನಿಗೆ ಮನೆ ಮಾರಲು ಅಡ್ಡಿಯಿಲ್ಲ, ಸುಳ್ಳಿಗೆ ಸೈನು ಹಾಕಲು ಅಡ್ಡಿಯಿದೆ ಎಂದೆ.

‘ಸಾಹುಕಾರ್ರೇ, ಇದು ನಿಮಗೇ ಒಳ್ಳೇದು. ಸುಳ್ಳು ಸಾಲು ಇದ್ರೆ ನಾಳೆ ಯಾರಾದ್ರೂ ಕೋರ್ಟಿಗೆ ಹೋಗಬೋದು. ಇಬ್ಬರೂ ಹಕ್ಕುದಾರರು ಅಂತ ಬರೆದು ಇಬ್ಬರೂ ಮಾರಿದ್ರೆ ಯಾರೂ ಬಾಯಿ ಬಿಡೋ ಹಂಗಿಲ್ಲ. ನಿಮ್ಮ ವಕೀಲರನ್ನೇ ಕೇಳಿ.’

ವಕೀಲರೂ ಅಷ್ಟರಲ್ಲಿ ಬಂದು ನಿಂತಿದ್ದರು. ಹೌದು ಎಂದು ತಲೆಯಾಡಿಸಿದರು. ಸಾಹುಕಾರರು ಗಡಿಯಾರ ನೋಡಿಕೊಂಡರು.

‘ರಾಹುಕಾಲ?’

ಅದಕ್ಕೆ ಉತ್ತರ ಕೊಟ್ಟವರು ಅವರ ಹೆಂಡತಿ. ಅಲ್ಲಿಯವರೆಗೂ ಸುಮ್ಮನೆ ಮೇಷ್ಟ್ರಮ್ಮನ ಮುಖವನ್ನೇ ನೋಡುತ್ತಾ ನಿಂತಿದ್ದರು. ‘ಹನ್ನೆರಡಕ್ಕೆ ರಾಹುಕಾಲ ಮುಗಿಯುತ್ತೆ. ಅಲ್ಲೀಗಂಟ ಅವರು ಹೊಸ ಹಾಳೆ ಮಾಡ್ಲಿ. ಒಂದು ಹೆಣ್ಣಿನ ಮೇಲೆ ಸುಳ್ಳು ಬರ್ಕೊಂಡಿರೋ ಪತ್ರ ಇಟ್ಕೊಂಡು ಆ ಮನೇಲಿ ನಾನು ಹಾಲು ಉಕ್ಕಿಸಲ್ಲ’ ಎಂದರು. ಸಾಹುಕಾರರು ಪತ್ರ ಬರೆಯುವವನಿಗೆ ಆಗಲಿ ಎಂದು ಕೈ ಮಾಡಿದರು.

ಪುಣ್ಯಕ್ಕೆ ಆ ಸಾಲಿದ್ದದ್ದು ಸ್ಟಾಂಪ್ ಪೇಪರಿನ ಮೇಲಲ್ಲ, ಒಳಗಿನ ಬರೀ ಹಾಳೆಯಲ್ಲಿ. ಮೊದಲ ಹಾಳೆಯಲ್ಲಿ ಅಕ್ಕ ತಮ್ಮ ಇಬ್ಬರ ಹೆಸರೂ ಮೊದಲೇ ಇತ್ತು. ಮೂರನೇ ಹಾಳೆಯೊಂದನ್ನು ಬದಲಾಯಿಸಿದರೆ ಸಾಕಾಗಿತ್ತು. ಪತ್ರ ಬರೆಯುವವನು ಗೊಣಗಿಕೊಳ್ಳುತ್ತಲೇ ಹೊಸ ಹಾಳೆ ತೂರಿಸಿ, ‘ಏನ್ ಹೊಡೀಬೇಕು ನೀವೇ ಹೇಳಿ ಮೇಷ್ಟ್ರಮ್ಮ. ನನ್ನ ಸಾಲಂತೂ ನಿಮಗೆ ಹಿಡಿಸಲಿಲ್ಲ’ ಎಂದ.

ಅವರು ನಿಂತುಕೊಂಡೇ ಹೇಳಿದರು. ಡಿಕ್ಟೇಷನ್ ಕೊಡುವ ಧ್ವನಿಯಲ್ಲಿ, ಒಂದೊಂದು ಪದವೂ ಬೇರೆ ಬೇರೆಯಾಗಿ. ‘ನಮ್ಮ ತಂದೆಯವರ ಮಕ್ಕಳಾದ ನಾವಿಬ್ಬರೂ... ಸದರಿ ಮನೆಗೆ... ಸಮಾನ ಹಕ್ಕುದಾರರಾಗಿದ್ದು...’

ಟೈಪ್‌ರೈಟರ್ ನಿಂತಿತು. ಪತ್ರ ಬರೆಯುವವನು ಕನ್ನಡಕದ ಮೇಲಿಂದ ತಮ್ಮನನ್ನು ನೋಡಿದ. ‘ಸಮಾನ’ ಎನ್ನುವ ಪದದ ಮುಂದೆ ಅವನ ಬೆರಳು ಗಾಳಿಯಲ್ಲೇ ಇತ್ತು. ನಾವೆಲ್ಲರೂ ತಮ್ಮನನ್ನೇ ನೋಡಿದೆವು. ನಾನು ಆ ಹೊತ್ತಿನಲ್ಲಿ ಬಾಯಿ ಹಾಕಬಾರದೆಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಅವನು ಹೇಳಬೇಕಾದ ಮಾತನ್ನು ನಾನು ಹೇಳಿದರೆ ಅದಕ್ಕೆ ಬೆಲೆ ಇರುತ್ತಿರಲಿಲ್ಲ.

‘ಹೊಡೀರಿ’ ಎಂದ ತಮ್ಮ. ‘ಅವಳು ಹೇಳಿದಂಗೇ ಹೊಡೀರಿ.’

ಮೇಷ್ಟ್ರಮ್ಮ ಅವನ ಕಡೆ ತಿರುಗಲಿಲ್ಲ. ಧ್ವನಿ ಮಾತ್ರ ಸ್ವಲ್ಪ ಒಡೆಯಿತು. ಒಂದು ಸಲ ಕೆಮ್ಮಿ ಸರಿಮಾಡಿಕೊಂಡು ಮುಂದಿನ ಸಾಲು ಹೇಳಿದರು.

ಹನ್ನೆರಡು ದಾಟಿದ ಮೇಲೆ ಒಳಗೆ ಹೋದೆವು. ಮೇಷ್ಟ್ರಮ್ಮ ಪ್ರತಿ ಹಾಳೆಯನ್ನೂ ಮೊದಲಿನಿಂದ ಓದಿ, ದುಂಡನೆಯ ಅಕ್ಷರದಲ್ಲಿ ಸೈನು ಹಾಕಿದರು. ಹೆಬ್ಬೆರಳಿನ ಗುರುತು ಒತ್ತಿಸಿಕೊಳ್ಳುವ ಗುಮಾಸ್ತ ಹಿಂದೆ ಇನ್ನೂ ಜನ ಇದ್ದಾರೆ, ಬೇಗ ಬೇಗ ಎಂದ. ಅವರು ಓದುವುದನ್ನು ನಿಲ್ಲಿಸಲಿಲ್ಲ. ಹೊರಗೆ ಬಂದು ಎಲ್ಲರೂ ಶಾಯಿ ಬೆರಳನ್ನು ಕಾಂಪೌಂಡಿನ ಗೋಡೆಗೆ ಒರೆಸಿಕೊಳ್ಳುತ್ತಿರುವಾಗ ಗುಬ್ಬಿಯ ಅಮ್ಮ ಮೇಷ್ಟ್ರಮ್ಮನ ಹತ್ತಿರ ಹೋಗಿ, ‘ನೀವು ಒಂದ್ ಸಲ ಮನೆಗೆ ಬಂದು ನಮಗೆ ಎಲ್ಲಾ ತೋರಿಸ್ಕೊಟ್ಟು ಹೋಗ್ಬೇಕು’ ಎಂದರು. ಎಲ್ಲರೂ ವ್ಯಾನಿನಲ್ಲಿ ಮರಳೂರಿಗೆ ಹೋದೆವು. ಮೇಷ್ಟ್ರಮ್ಮ ಆ ಹೆಣ್ಣುಮಕ್ಕಳಿಗೆ ಓದಿಕೊಳ್ಳಲು ಯಾವ ಕೋಣೆಯಲ್ಲಿ ಸಂಜೆಯ ಬೆಳಕು ಹೆಚ್ಚು ಹೊತ್ತು ಇರುತ್ತದೆಂದು ತೋರಿಸಿದರು. ಬಚ್ಚಲ ಕಿಟಕಿಯ ಚಿಲಕ ಮಳೆಗಾಲದಲ್ಲಿ ಬಿಗಿಯುತ್ತದೆ, ಎತ್ತಿ ತಳ್ಳಬೇಕು ಎಂದು ಹೇಳಿಕೊಟ್ಟರು. ತಮ್ಮನ ಹೆಂಡತಿ, ಬಾಡಿಗೆ ಮನೆಗೆ ಸಾಗಿಸಲು ಕಟ್ಟಿಟ್ಟಿದ್ದ ಸಾಮಾನಿನ ನಡುವೆಯೇ ಎಲ್ಲರಿಗೂ ಕಾಫಿ ಮಾಡಿದಳು. ಬೀಗದ ಕೈಯನ್ನು ಅಕ್ಕ ತಮ್ಮ ಒಟ್ಟಿಗೇ ಹಿಡಿದು ಕೊಟ್ಟರು. ದುಡ್ಡನ್ನು ಹೇಗೆ ಹಂಚಿಕೊಂಡರೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಆದರೆ ಅದಾದ ಎರಡು ವರ್ಷಕ್ಕೆ ತಮ್ಮ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಅರಿಶಿನ ಕುಂಕುಮ ಕೊಡುತ್ತಿದ್ದವರು ಅಕ್ಕ. ನನಗೆ ಹೂವು ಕೊಟ್ಟು, ‘ಬನ್ನಿ ಬ್ರೋಕರಮ್ಮ, ಊಟಕ್ಕೆ ಮೊದಲ ಪಂಕ್ತೀಲೇ ಕೂರಿ’ ಎಂದರು.

ಆ ಶುಕ್ರವಾರದ ನಂತರ ನಾನು ನನ್ನ ಮಗಳ ಕನ್ನಡ ಪುಸ್ತಕಗಳನ್ನು ಇಟ್ಟುಕೊಂಡು ಓದಲು ಕೂತೆ. ಒಂದನೇ ಕ್ಲಾಸಿನಿಂದ ಶುರು ಮಾಡಿದೆ. ಮಗಳು ತಪ್ಪು ತಿದ್ದುತ್ತಿದ್ದಳು, ನನ್ನ ಗಂಡ ಹೊಲಿಗೆ ಯಂತ್ರ ನಿಲ್ಲಿಸಿ ನಗುತ್ತಿದ್ದರು. ಒಂದು ವರ್ಷದಲ್ಲಿ ಪತ್ರದ ಕನ್ನಡವೂ ಹಿಡಿಯಿತು. ಆಮೇಲೆ ನಾನೊಂದು ಕ್ರಮ ಮಾಡಿಕೊಂಡೆ. ರಿಜಿಸ್ಟ್ರೇಷನ್ನಿಗೆ ಎರಡು ದಿನ ಮುಂಚೆ ಪತ್ರದ ಜೆರಾಕ್ಸ್ ಹಿಡಿದುಕೊಂಡು ಮಾರುವವರ ಮನೆಗೂ ಕೊಳ್ಳುವವರ ಮನೆಗೂ ಹೋಗುತ್ತೇನೆ. ಮನೆಯ ಹೆಂಗಸರನ್ನೆಲ್ಲ ಕೂರಿಸಿಕೊಂಡು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಜೋರಾಗಿ ಓದುತ್ತೇನೆ. ಎರಡು ಸಾವಿರದ ನಂತರ ಪತ್ರಗಳು ಕಂಪ್ಯೂಟರಿಗೆ ಬಂದವು, ಹಾಳೆ ಬದಲಾಯಿಸುವುದು ಎರಡು ನಿಮಿಷದ ಕೆಲಸವಾಯಿತು. ಆದರೂ ಓದುವುದನ್ನು ಬಿಡಲಿಲ್ಲ. ‘ಈಯಮ್ಮ ಕುರಾನ್ ಓದಿದಂಗೆ ಪತ್ರ ಓದ್ತಾಳೆ’ ಎಂದು ಜೊತೆಯ ಬ್ರೋಕರುಗಳು ತಮಾಷೆ ಮಾಡುತ್ತಿದ್ದರು. ಮಾಡಲಿ. ಆಮೇಲೆ ನನ್ನ ಒಂದು ರಿಜಿಸ್ಟ್ರೇಷನ್ನೂ ಆಫೀಸಿನ ಮೆಟ್ಟಿಲ ಮೇಲೆ ಮುರಿದುಬೀಳಲಿಲ್ಲ.

ಹಾಗೆ ಓದುವಾಗ ಏನೇನು ಹೊರಗೆ ಬರುತ್ತದೆ ಎಂದು ಹೇಳಿದರೆ ನಂಬುವುದಿಲ್ಲ. ಗುಬ್ಬಿಯಲ್ಲೇ ಒಂದು ಹಳೇ ಮನೆಯ ಪತ್ರ ಓದುತ್ತಿದ್ದೆ. ಮನೆ ಮಾರುತ್ತಿದ್ದ ಅಜ್ಜಿ ಕೊನೆಯವರೆಗೂ ಕಣ್ಣು ಮುಚ್ಚಿಕೊಂಡು ಕೇಳಿದರು. ನಿದ್ದೆ ಹೋದರೇನೋ ಎಂದುಕೊಂಡೆ. ಹಾಳೆ ಮಡಿಸಿದ ಮೇಲೆ ಕಣ್ಣು ಬಿಟ್ಟು, ‘ಬಾವಿ ಮಾತೇ ಬರ್ಲಿಲ್ವಲ್ಲವ್ವ. ಪಕ್ಕದ ಮನೆಯೋರು ನಮ್ಮ ಅತ್ತೆ ಕಾಲದಿಂದ ನಮ್ ಬಾವೀಲೇ ನೀರು ಸೇದೋದು. ಕೊಳ್ಳೋರು ಬಾಗಿಲು ಹಾಕ್ಬುಟ್ರೆ ಅವರು ಎಲ್ಲಿಗೆ ಹೋಗ್ಬೇಕು?’ ಎಂದರು. ಅವರ ಮಗ, ‘ಅದೆಲ್ಲ ಪತ್ರದಲ್ಲಿ ಯಾಕವ್ವ’ ಎಂದು ತಡೆಯಲು ಬಂದ. ನಾನು ಪೆನ್ನು ತೆಗೆದುಕೊಂಡು, ‘ಇರಿ ಸ್ವಾಮಿ, ಅಜ್ಜಿ ಹೇಳ್ಲಿ’ ಎಂದೆ.